ಎತ್ತು ಏರಿಗೆ, ಕೋಣ ನೀರಿಗೆ



ಈ ವಾರ ನಮ್ಮ ಜಗಲಿಗೆ ಇಂಗ್ಲಿಷ್ ವ್ಯಾಕರಣ ಬಂದು ಕೂತಿದೆ. ಹೆದರಿ ಪುಟ ಮಗುಚಬೇಡಿ. ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಯಾಕೆಂದರೆ ಇವತ್ತಿನ ಪಾಠದಲ್ಲಿ ಅರ್ಧ ಕೆಲಸ ಇಂಗ್ಲಿಷ್ ಓದಲು ಬಾರದ ಅಜ್ಜಿಯರದ್ದು. ಅದು ಹೇಗೆ ಅಂತ ಕೇಳುತ್ತೀರಾ? ಮುಂದೆ ಓದಿ, ಗೊತ್ತಾಗುತ್ತದೆ.

ಹೊಳೆಹೊನ್ನೂರಿನಲ್ಲಿ ನಮ್ಮದೇ ಬೀದಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ನಾನೂ ಬಿಕಾಂ, ನಾನೂ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದವನು. ಹೀಗಾಗಿ ಅವಳಿಗೆ ನನ್ನ ಮೇಲೆ ಸ್ವಲ್ಪ ಸಲಿಗೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಎರಡು ಸಲ ಬರೆದಳು. ಎರಡು ಸಲವೂ ಲೆಕ್ಕದಲ್ಲಿ ಚೆನ್ನಾಗಿ ಅಂಕ ಬಂತು, ಇಂಗ್ಲಿಷಿನಲ್ಲಿ ಕೈ ಕೊಟ್ಟಿತು. ಮನೆಯಲ್ಲಿ ‘ಇದೊಂದು ಸಲ ನೋಡೋಣ, ಆಮೇಲೆ ಸಾಕು’ ಎಂದಿದ್ದಾರಂತೆ.

ಹೋದ ವಾರ ಸಂಜೆ ಮಾದರಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. ಜೊತೆಗೆ ಎಂಟನೆಯ ಕ್ಲಾಸಿನ ತಮ್ಮ. ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ನಮ್ಮ ಮನೆಯಾಕೆ ಬಾಗಿಲ ಪಕ್ಕ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು.

“ಅಜ್ಜ, ಈ ಸಲ ಇಂಗ್ಲಿಷ್ ಭಾಗ ಬಿಟ್ಟೇಬಿಡ್ತೀನಿ. ಲೆಕ್ಕ, ರೀಸನಿಂಗ್ ಎರಡರಲ್ಲೇ ಅಂಕ ತಗೊಳ್ತೀನಿ” ಎಂದಳು.

ಹಾಗೆ ಮಾಡುವ ಹಾಗಿಲ್ಲ ಎಂಬುದು ಅವಳಿಗೂ ಗೊತ್ತು. ಐಬಿಪಿಎಸ್ ನಡೆಸುವ ಕ್ಲರ್ಕ್ ಪರೀಕ್ಷೆಯ ಮೊದಲ ಹಂತದಲ್ಲಿ ಒಟ್ಟು 100 ಪ್ರಶ್ನೆ. ಅದರಲ್ಲಿ ಇಂಗ್ಲಿಷ್ 30 ಪ್ರಶ್ನೆ, 20 ನಿಮಿಷ. ಮೂರು ಭಾಗದಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. 2021ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂದಾಯಿತು, ಒಳ್ಳೆಯದೇ ಆಯಿತು. ಆದರೆ ಇಂಗ್ಲಿಷ್ ಭಾಗ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ. ಅದನ್ನು ಬಿಟ್ಟರೆ ಪರೀಕ್ಷೆಯನ್ನೇ ಬಿಟ್ಟ ಹಾಗೆ.

“ಬಿಡೋದು ಆಮೇಲೆ. ಯಾವುದು ತಪ್ಪಾಯ್ತು ತೋರಿಸು” ಎಂದೆ. ಅವಳು ಕೆಂಪು ಗೆರೆ ಎಳೆದ ವಾಕ್ಯ ತೋರಿಸಿದಳು. ವಾಕ್ಯದಲ್ಲಿ ತಪ್ಪು ಹುಡುಕಬೇಕು. ಹೀಗಿತ್ತು:

ದ ಫಾರ್ಮರ್ ನಾಟ್ ಓನ್ಲಿ ಗ್ರೋಸ್ ಪ್ಯಾಡಿ ಬಟ್ ಆಲ್ಸೋ ಅರೆಕಾನಟ್.

“ರೈತ ಭತ್ತ ಬೆಳೀತಾನೆ, ಅಡಿಕೆನೂ ಬೆಳೀತಾನೆ. ಅರ್ಥ ಆಗುತ್ತಲ್ಲ ಅಜ್ಜ! ಇದರಲ್ಲಿ ತಪ್ಪೇನಿದೆ? ನಾನು ‘ತಪ್ಪಿಲ್ಲ’ ಅಂತ ಗುರುತು ಹಾಕಿದೆ. ಕಾಲು ಅಂಕ ಹೋಯ್ತು.”

ನಾನು ವ್ಯಾಕರಣದ ಹೆಸರು ಹೇಳಿದೆ. ನಾಟ್ ಓನ್ಲಿ ಮತ್ತು ಬಟ್ ಆಲ್ಸೋ, ಇವು ಜೋಡಿ ಪದಗಳು. ಇಂಗ್ಲಿಷಿನಲ್ಲಿ ಕೋರಿಲೇಟಿವ್ ಕಂಜಂಕ್ಷನ್ ಎನ್ನುತ್ತಾರೆ. ಜೋಡಿ ಪದದ ಎರಡು ಕಡೆ ಒಂದೇ ಜಾತಿಯ ಪದ ಬರಬೇಕು. ಅದಕ್ಕೆ ಪ್ಯಾರಲಲ್ ಸ್ಟ್ರಕ್ಚರ್ ಅಂತ ಹೆಸರು. ಹುಡುಗಿ ತಲೆ ಆಡಿಸಿದಳು. ಆದರೆ ಮುಖ ನೋಡಿದರೆ ಏನೂ ಒಳಗೆ ಹೋದಂತೆ ಕಾಣಲಿಲ್ಲ. ಹೆಸರು ಕೇಳಿದ ಕೂಡಲೇ ವಿಷಯ ಅರ್ಥ ಆಗುವುದಾದರೆ ನಾವೆಲ್ಲ ಪಂಡಿತರಾಗಿರುತ್ತಿದ್ದೆವು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಆ ಇಂಗ್ಲಿಷ್ ವಾಕ್ಯವನ್ನು ಪದದ ಮೇಲೆ ಪದ ಇಟ್ಟು, ಅದರ ಸೊಟ್ಟವನ್ನೂ ಬಿಡದೆ, ಕನ್ನಡದಲ್ಲಿ ಹೇಳಿ ಮನೆಯಾಕೆಗೆ ಕೇಳಿಸಿದೆ:

“ಇಲ್ಲಿ ಕೇಳು. ‘ರೈತ ಭತ್ತ ಬೆಳೆಯುವುದು ಮಾತ್ರವಲ್ಲ, ಅಡಿಕೆಯನ್ನೂ.’ ಸರಿ ಇದೆಯಾ?”

ಮೊರದಿಂದ ತಲೆ ಎತ್ತದೆ ಅವಳು ಕೇಳಿದಳು: “ಅಡಿಕೆಯನ್ನೇನು ಮಾಡ್ತಾನ್ರೀ? ಸುಲೀತಾನಾ, ಮಾರ್ತಾನಾ? ಮಾತು ಪೂರ್ತಿ ಮಾಡಿ.”

“ಹಾಗಾದರೆ ನೀನು ಹೇಗೆ ಹೇಳ್ತೀಯ?”

“ರೈತ ಭತ್ತವನ್ನು ಮಾತ್ರ ಅಲ್ಲ, ಅಡಿಕೆಯನ್ನೂ ಬೆಳೀತಾನೆ. ಇದೇನು ಕೇಳೋದು?”

ನಾಲ್ಕನೆಯ ಕ್ಲಾಸು ಓದಿದ ಅಜ್ಜಿ ಪದವೀಧರೆ ತಪ್ಪಿಸಿಕೊಂಡ ಪ್ರಶ್ನೆಗೆ ಉತ್ತರ ಹೇಳಿದಳು! ಹುಡುಗಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಪೆನ್ಸಿಲ್ ತೆಗೆದು ತಾನೇ ತಿದ್ದಿದಳು:

ದ ಫಾರ್ಮರ್ ಗ್ರೋಸ್ ನಾಟ್ ಓನ್ಲಿ ಪ್ಯಾಡಿ ಬಟ್ ಆಲ್ಸೋ ಅರೆಕಾನಟ್.

ಏನು ಬದಲಾಯಿತು ನೋಡಿ. ಮೊದಲಿನ ವಾಕ್ಯದಲ್ಲಿ ನಾಟ್ ಓನ್ಲಿ ಆದ ಮೇಲೆ ‘ಗ್ರೋಸ್ ಪ್ಯಾಡಿ’ ಇತ್ತು. ಅಂದರೆ ‘ಭತ್ತ ಬೆಳೆಯುತ್ತಾನೆ’, ಕ್ರಿಯಾಪದ ಸೇರಿದ ಮಾತು. ಬಟ್ ಆಲ್ಸೋ ಆದ ಮೇಲೆ ಬರೀ ‘ಅರೆಕಾನಟ್’, ಅಂದರೆ ಅಡಿಕೆ, ಒಂದು ನಾಮಪದ. ಒಂದು ಕಡೆ ಕೆಲಸ, ಇನ್ನೊಂದು ಕಡೆ ವಸ್ತು. ತಿದ್ದಿದ ವಾಕ್ಯದಲ್ಲಿ ಆ ಕಡೆ ಭತ್ತ, ಈ ಕಡೆ ಅಡಿಕೆ. ಎರಡೂ ವಸ್ತು. ‘ಗ್ರೋಸ್’ ಜೋಡಿಗಿಂತ ಮುಂದೆ ಹೋಗಿ ನಿಂತು ಎರಡಕ್ಕೂ ಸೇರಿತು.

ನಮ್ಮ ಹಳ್ಳಿಗಳಲ್ಲಿ ಒಂದು ಗಾದೆ ಇದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಒಂದೇ ನೊಗಕ್ಕೆ ಎತ್ತನ್ನೂ ಕೋಣವನ್ನೂ ಕಟ್ಟಿದರೆ ಗಾಡಿ ಮುಂದೆ ಹೋಗುವುದಿಲ್ಲ. ಜೋಡಿ ಪದ ಎಂದರೆ ನೊಗ. ಎರಡು ಕಡೆ ಎತ್ತನ್ನೇ ಕಟ್ಟಿ, ಇಲ್ಲವೇ ಎರಡು ಕಡೆ ಕೋಣವನ್ನೇ ಕಟ್ಟಿ. ಪಾಠ ಇಷ್ಟೇ. ಉಳಿದದ್ದೆಲ್ಲ ಅಭ್ಯಾಸ.

ಈಗ ಇಂಗ್ಲಿಷಿನ ಮುಖ್ಯ ನೊಗಗಳನ್ನು ನೋಡೋಣ.

ಬೋತ್ – ಆ್ಯಂಡ್: ಇದೂ ಅದೂ.
ಐದರ್ – ಆರ್: ಇದು, ಇಲ್ಲವೇ ಅದು.
ನೈದರ್ – ನಾರ್: ಇದೂ ಇಲ್ಲ, ಅದೂ ಇಲ್ಲ.
ನಾಟ್ ಓನ್ಲಿ – ಬಟ್ ಆಲ್ಸೋ: ಇದು ಮಾತ್ರವಲ್ಲ, ಅದೂ ಕೂಡ.
ವೆದರ್ – ಆರ್: ಇದೋ ಅದೋ.

ಬಲಗಡೆಯ ಕನ್ನಡ ನೋಡಿ ಮಕ್ಕಳೇ. ಅಲ್ಲೂ ಜೋಡಿಗಳೇ ಇವೆ. ಊ ಮತ್ತು ಊ, ಓ ಮತ್ತು ಓ. ‘ಆಗಲಿ – ಆಗಲಿ’ ಎಂದೂ ನಾವು ಹೇಳುತ್ತೇವೆ. ನಿಮ್ಮ ಕನ್ನಡ ವ್ಯಾಕರಣದ ಪಾಠದಲ್ಲಿ ‘ಊ’, ‘ಮತ್ತು’, ‘ಅಥವಾ’ ಇವನ್ನು ಸಂಬಂಧಾರ್ಥಕಾವ್ಯಯ ಎಂದು ಕಲಿತಿರುತ್ತೀರಿ. ಹಾಗಾಗಿ ಜೋಡಿ ಪದ ನಮಗೆ ಹೊಸದೇನೂ ಅಲ್ಲ. ಹಾಗಿದ್ದರೆ ಇಂಗ್ಲಿಷಿನಲ್ಲಿ ಮಾತ್ರ ಯಾಕೆ ತಪ್ಪುತ್ತೇವೆ?

ಕಾರಣ ಸುಲಭ. ಕನ್ನಡದಲ್ಲಿ ‘ಊ’ ಪದದ ಬಾಲಕ್ಕೇ ಅಂಟಿಕೊಂಡಿರುತ್ತದೆ. ‘ಕಾಫಿಯನ್ನೂ ಟೀಯನ್ನೂ ಕುಡಿಯುತ್ತಾನೆ.’ ಕಾಫಿಗೆ ಸೇರಿದ ‘ಊ’ ಕಾಫಿಯನ್ನು ಬಿಟ್ಟು ಬೇರೆಲ್ಲೂ ಹೋಗಿ ಕೂರುವುದಿಲ್ಲ. ಇಂಗ್ಲಿಷಿನ ಬೋತ್, ಐದರ್, ನಾಟ್ ಓನ್ಲಿ ಹಾಗಲ್ಲ. ಅವು ಬಿಡಿ ಪದಗಳು. ಪದದ ಮುಂದೆ ಬರುತ್ತವೆ, ಯಾರಾದರೂ ಅಜಾಗರೂಕರಾದರೆ ಒಂದು ಹೆಜ್ಜೆ ಹಿಂದೆ ಸರಿದು ಕ್ರಿಯಾಪದದ ಮುಂದೆ ಕೂತುಬಿಡುತ್ತವೆ. ‘ಹೀ ಬೋತ್ ಡ್ರಿಂಕ್ಸ್ ಕಾಫಿ ಆ್ಯಂಡ್ ಟೀ’ ಎಂದರೆ ತಪ್ಪು. ‘ಹೀ ಡ್ರಿಂಕ್ಸ್ ಬೋತ್ ಕಾಫಿ ಆ್ಯಂಡ್ ಟೀ’ ಎಂದರೆ ಸರಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬಾಯಿಮಾತಿನಲ್ಲಿ ಇಂಗ್ಲಿಷಿನವರೂ ಇಂಥ ತಪ್ಪು ಮಾಡುತ್ತಾರೆ. ಅರ್ಥ ಆಗುತ್ತದೆ, ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಹುಡುಗಿ ಕೇಳಿದ್ದು ಅದನ್ನೇ. ಆದರೆ ಮಾತಿಗೆ ಇರುವ ರಿಯಾಯಿತಿ ಪರೀಕ್ಷೆಗೆ ಇಲ್ಲ. ಪ್ರಶ್ನೆ ತೆಗೆಯುವವರಿಗೆ ಈ ಜೋಡಿ ಪದಗಳೆಂದರೆ ಬಹಳ ಪ್ರೀತಿ. ಸರಿಯಾದ ಒಂದು ವಾಕ್ಯ ತಗೊಂಡು ಒಂದೇ ಒಂದು ಪದವನ್ನು ಆಚೀಚೆ ಮಾಡಿದರೆ ಪ್ರಶ್ನೆ ಸಿದ್ಧ. ಓದಿದರೆ ಅರ್ಥ ಕೆಡುವುದಿಲ್ಲವಾದ್ದರಿಂದ ಅವಸರದವನ ಕಣ್ಣಿಗೆ ತಪ್ಪು ಬೀಳುವುದಿಲ್ಲ. 30 ಪ್ರಶ್ನೆಗೆ 20 ನಿಮಿಷ ಎಂದರೆ ಒಂದು ಪ್ರಶ್ನೆಗೆ 40 ಸೆಕೆಂಡ್. ಅಷ್ಟರಲ್ಲಿ ಹಿಡಿಯಬೇಕು.

ಹಿಡಿಯುವುದು ಹೇಗೆ? ಬ್ಯಾಂಕಿನವನ ಉಪಾಯ ಹೇಳುತ್ತೇನೆ.

ನಾವು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ದೊಡ್ಡ ದೊಡ್ಡ ಲೆಡ್ಜರ್ ಪುಸ್ತಕ. ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್. ಸಂಜೆ ಎರಡೂ ಕಡೆಯ ಮೊತ್ತ ಟ್ಯಾಲಿ ಆಗಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವ ಹಾಗಿಲ್ಲ. ಜೋಡಿ ಪದವನ್ನೂ ಹಾಗೇ ಟ್ಯಾಲಿ ಮಾಡಿ. ಕಚ್ಚಾ ಹಾಳೆಯಲ್ಲಿ ನಡುವೆ ಒಂದು ಗೆರೆ ಎಳೆಯಿರಿ. ಮೊದಲ ಪದ ಆದ ಮೇಲೆ ಏನು ಬಂದಿದೆಯೋ ಅದನ್ನು ಎಡಗಡೆ ಬರೆಯಿರಿ. ಎರಡನೆಯ ಪದ ಆದ ಮೇಲೆ ಏನು ಬಂದಿದೆಯೋ ಅದನ್ನು ಬಲಗಡೆ ಬರೆಯಿರಿ. ಎರಡೂ ಒಂದೇ ಜಾತಿಯೋ ನೋಡಿ. ಹೆಸರಿಗೆ ಹೆಸರು, ಗುಣಕ್ಕೆ ಗುಣ, ಕೆಲಸಕ್ಕೆ ಕೆಲಸ, ‘ಟು’ಗೆ ‘ಟು’, ‘ಇಂಗ್’ಗೆ ‘ಇಂಗ್’. ಟ್ಯಾಲಿ ಆದರೆ ಸರಿ, ಆಗದಿದ್ದರೆ ಅಲ್ಲೇ ತಪ್ಪು.

ಇದು ನಮ್ಮ ಬಿಕಾಂ ಪುಸ್ತಕದಲ್ಲೇ ಇತ್ತು, ನನಗೆ ಗೊತ್ತಾಗಿರಲಿಲ್ಲ! 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ ಎಂಬ ಕಾಯ್ದೆ ಇದೆ. ಚೆಕ್ಕು, ಪ್ರಾಮಿಸರಿ ನೋಟು, ಎರಡಕ್ಕೂ ಅದೇ ಆಧಾರ. ಅದರ 13ನೆಯ ಸೆಕ್ಷನ್ನಿನಲ್ಲಿ ಚೆಕ್ಕಿನ ಹಣ ಯಾರಿಗೆ ಸಲ್ಲಬೇಕು ಎಂದು ಹೇಳುವಾಗ ‘ಐದರ್ ಟು ಆರ್ಡರ್ ಆರ್ ಟು ಬೇರರ್’ ಎಂದಿದೆ. ಚೆಕ್ಕಿನಲ್ಲಿ ಹೆಸರಿಸಿದವರಿಗೆ ಅಥವಾ ಅವರು ಹೇಳಿದವರಿಗೆ, ಇಲ್ಲವೇ ಚೆಕ್ಕು ಕೈಯಲ್ಲಿ ಹಿಡಿದು ತಂದವರಿಗೆ ಎಂದು ಅರ್ಥ. ಐದರ್ ಆದ ಮೇಲೂ ‘ಟು’, ಆರ್ ಆದ ಮೇಲೂ ‘ಟು’. ನೊಗದ ಎರಡು ಕಡೆಯೂ ಸರಿಸಮ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರೊಳಗೆ ವ್ಯಾಕರಣದ ಪಾಠವೂ ಇತ್ತು ಎಂದು ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ.

ಪ್ರಶ್ನೆಪತ್ರಿಕೆಗಳಲ್ಲಿ ಬರುವ ತಪ್ಪುಗಳನ್ನು ಐದು ಬಗೆ ಮಾಡಬಹುದು. ಮೊದಲನೆಯದು ಜಾಗ ತಪ್ಪಿದ್ದು. ಮೇಲೆ ನೋಡಿದ ಭತ್ತ-ಅಡಿಕೆ ಅದೇ. ನಮ್ಮೂರಿನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹೊಳೆಹೊನ್ನೂರಿನಿಂದ ಕೂಡ್ಲಿ ಹತ್ತಿರ. ಅಲ್ಲಿ ತುಂಗೆಯೂ ಭದ್ರೆಯೂ ಕೂಡಿ ತುಂಗಭದ್ರೆ ಆಗುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಒಬ್ಬ ಹುಡುಗ ಬರೆದ: ‘ದ ವಾಟರ್ ಕಮ್ಸ್ ಬೋತ್ ಫ್ರಮ್ ದ ತುಂಗಾ ಆ್ಯಂಡ್ ದ ಭದ್ರಾ.’ ಟ್ಯಾಲಿ ಮಾಡಿ ನೋಡಿ. ಎಡಗಡೆ ‘ಫ್ರಮ್ ದ ತುಂಗಾ’, ಬಲಗಡೆ ‘ದ ಭದ್ರಾ’. ಒಂದು ‘ಫ್ರಮ್’ ಕಡಿಮೆ. ಎರಡು ರೀತಿ ತಿದ್ದಬಹುದು. ‘ಫ್ರಮ್ ಬೋತ್ ದ ತುಂಗಾ ಆ್ಯಂಡ್ ದ ಭದ್ರಾ’ ಎನ್ನಬಹುದು. ಇಲ್ಲವೇ ‘ಬೋತ್ ಫ್ರಮ್ ದ ತುಂಗಾ ಆ್ಯಂಡ್ ಫ್ರಮ್ ದ ಭದ್ರಾ’ ಎನ್ನಬಹುದು. ಎರಡೂ ಸರಿ. ಕನ್ನಡದ ಅಜ್ಜಿಯನ್ನು ಕೇಳಿದರೂ ಇದೇ ಹೇಳುತ್ತಾಳೆ. ‘ತುಂಗೆಯಿಂದಲೂ ಭದ್ರೆಯೂ ನೀರು ಬರುತ್ತದೆ’ ಎಂದರೆ ಅವಳು ಒಪ್ಪುವುದಿಲ್ಲ. ‘ತುಂಗೆಯಿಂದಲೂ ಭದ್ರೆಯಿಂದಲೂ’ ಎಂದೇ ಆಗಬೇಕು.

ಎರಡನೆಯದು ರೂಪ ತಪ್ಪಿದ್ದು. ‘ಹೀ ಲೈಕ್ಸ್ ಬೋತ್ ಸ್ವಿಮಿಂಗ್ ಆ್ಯಂಡ್ ಟು ರೈಡ್ ಎ ಬೈಸಿಕಲ್.’ ಒಂದು ಕಡೆ ‘ಇಂಗ್’, ಇನ್ನೊಂದು ಕಡೆ ‘ಟು’. ಕನ್ನಡದಲ್ಲಿ ‘ಅವನಿಗೆ ಈಜುವುದೂ ಸೈಕಲ್ ಹೊಡೆಯಲಿಕ್ಕೂ ಇಷ್ಟ’ ಎಂದ ಹಾಗಾಯಿತು. ‘ಈಜುವುದೂ ಸೈಕಲ್ ಹೊಡೆಯುವುದೂ’ ಎನ್ನಬೇಕಲ್ಲವೇ? ಹಾಗೇ ‘ಸ್ವಿಮಿಂಗ್ ಆ್ಯಂಡ್ ರೈಡಿಂಗ್’.

ಮೂರನೆಯದು ಜೋಡಿಯೇ ತಪ್ಪಿದ್ದು. ನೈದರ್ ಜೊತೆ ಆರ್ ಹಾಕುತ್ತಾರೆ, ನಾರ್ ಬರಬೇಕು. ಬೋತ್ ಜೊತೆ ‘ಆ್ಯಸ್ ವೆಲ್ ಆ್ಯಸ್’ ಹಾಕುತ್ತಾರೆ, ಆ್ಯಂಡ್ ಬರಬೇಕು. ಇದೇ ಗುಂಪಿನಲ್ಲಿ ಇನ್ನೆರಡನ್ನು ನೆನಪಿಡಿ. ‘ನೋ ಸೂನರ್’ ಜೊತೆ ‘ದ್ಯಾನ್’, ‘ಹಾರ್ಡ್‌ಲಿ’ ಜೊತೆ ‘ವೆನ್’. ಇವೆರಡನ್ನು ಅದಲು ಬದಲು ಮಾಡಿ ಕೇಳುವುದು ಹಳೆಯ ಪದ್ಧತಿ. ಮದುವೆ ಮನೆಯಲ್ಲಿ ಚಪ್ಪಲಿ ಅದಲು ಬದಲು ಆದ ಹಾಗೆ, ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೇ ಗೊತ್ತಾಗುವುದು.

ನಾಲ್ಕನೆಯದು ಎರಡೆರಡು ಸಲ ‘ಇಲ್ಲ’ ಎಂದದ್ದು. ಇಲ್ಲಿ ಮಾತ್ರ ನಮ್ಮ ಕನ್ನಡ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ನಾವು ‘ಅಣ್ಣನಾಗಲಿ ತಮ್ಮನಾಗಲಿ ಬರಲಿಲ್ಲ’ ಎನ್ನುತ್ತೇವೆ. ‘ಇಲ್ಲ’ ಕೊನೆಯಲ್ಲಿದೆ. ಇಂಗ್ಲಿಷಿನಲ್ಲಿ ಆ ‘ಇಲ್ಲ’ ನೈದರ್ ಒಳಗೇ ಇದೆ. ಅದು ತಿಳಿಯದೆ ಕೊನೆಗೆ ಮತ್ತೊಂದು ‘ನಾಟ್’ ಸೇರಿಸಿದರೆ ಉಪ್ಪು ಎರಡು ಸಲ ಹಾಕಿದ ಸಾರಿನಂತೆ. ‘ನೈದರ್ ಹೀ ನಾರ್ ಹಿಸ್ ಬ್ರದರ್ ಕೇಮ್’ ಅಷ್ಟೇ ಸಾಕು, ‘ಡಿಡ್ ನಾಟ್ ಕಮ್’ ಬೇಡ.

ಐದನೆಯದು ಕ್ರಿಯಾಪದದ ಏಕವಚನ-ಬಹುವಚನ. ಐದರ್ – ಆರ್, ನೈದರ್ – ನಾರ್ ಬಂದಾಗ ಕ್ರಿಯಾಪದ ತನಗೆ ಹತ್ತಿರ ಇರುವ ಹೆಸರನ್ನು ನೋಡುತ್ತದೆ. ‘ನೈದರ್ ದ ಮ್ಯಾನೇಜರ್ ನಾರ್ ದ ಕ್ಲರ್ಕ್ಸ್ ವರ್ ಪ್ರೆಸೆಂಟ್.’ ಹತ್ತಿರ ಇರುವವರು ಕ್ಲರ್ಕುಗಳು, ಹಲವರು, ಹಾಗಾಗಿ ‘ವರ್’. ಬೋತ್ – ಆ್ಯಂಡ್ ಆದರೆ ಯಾವಾಗಲೂ ಬಹುವಚನ. ಎರಡೂ ಸೇರಿದ ಮೇಲೆ ಒಂದು ಹೇಗಾದೀತು?

ಇಷ್ಟು ಹೇಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅಷ್ಟು ಹೊತ್ತು ಸುಮ್ಮನಿದ್ದ ತಮ್ಮ ಕೇಳಿದ: “ಅಜ್ಜ, ಪರೀಕ್ಷೆ ಮುಗಿದ ಮೇಲೆ ಇದರಿಂದ ಏನುಪಯೋಗ?”

ಒಳ್ಳೆಯ ಪ್ರಶ್ನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇದು ನನ್ನದೇ ತಪ್ಪಿನ ಕಥೆ.

1980ರ ದಶಕ. ನಾನು ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ವಯಸ್ಸಾದ ಗಂಡ-ಹೆಂಡತಿ ಜಂಟಿ ಖಾತೆ ತೆರೆಯಲು ಬಂದರು. ಇಬ್ಬರಿಗೂ ಓದು ಬರಹ ಇಲ್ಲ. ಫಾರಂ ತುಂಬಿದವನು ನಾನು. ಜಂಟಿ ಖಾತೆಯಲ್ಲಿ ಹಣ ತೆಗೆಯುವುದು ಹೇಗೆ ಎಂದು ಬರೆಯುವ ಒಂದು ಜಾಗ ಇರುತ್ತದೆ. ‘ಜಾಯಿಂಟ್ಲಿ’ ಎಂದು ಬರೆದರೆ ಇಬ್ಬರೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ‘ಐದರ್ ಆರ್ ಸರ್ವೈವರ್’ ಎಂದು ಬರೆದರೆ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು, ಒಬ್ಬರು ತೀರಿಕೊಂಡರೆ ಉಳಿದವರಿಗೆ ಹಣ ಸಲ್ಲುತ್ತದೆ. ಇಲ್ಲಿನ ‘ಐದರ್’ ವ್ಯಾಕರಣದ ಪ್ರಕಾರ ನೊಗದ ಪದ ಅಲ್ಲ, ‘ಇಬ್ಬರಲ್ಲಿ ಒಬ್ಬರು’ ಎಂಬ ಸರ್ವನಾಮ. ಆದರೆ ಅದರ ಪಕ್ಕದ ‘ಆರ್’ ಮಾತ್ರ ಅದೇ ‘ಆರ್’.

ಇಬ್ಬರೂ ಹೆಬ್ಬೆಟ್ಟು ಹಾಕಿದರೆ ಹಣ ಭದ್ರ ಎಂದು ನನಗೆ ನಾನೇ ತೀರ್ಮಾನ ಮಾಡಿದೆ. ಅವರನ್ನು ಕೇಳಲಿಲ್ಲ. ‘ಜಾಯಿಂಟ್ಲಿ’ ಎಂದು ಬರೆದೆ.

ಮಾರನೆಯ ವರ್ಷ ಮಳೆಗಾಲದಲ್ಲಿ ಆ ಅಜ್ಜಿ ಒಬ್ಬಳೇ ಬಂದಳು. ಸೀರೆಯ ಸೆರಗು ತೊಯ್ದು ನೀರು ಇಳಿಯುತ್ತಿತ್ತು. ಗಂಡ ಆಸ್ಪತ್ರೆಯಲ್ಲಿದ್ದಾನೆ, ಹಣ ಬೇಕು ಎಂದಳು. ಖಾತೆಯಲ್ಲಿ ಹಣ ಇತ್ತು. ನಾನು ಕೊಡುವ ಹಾಗಿರಲಿಲ್ಲ. ಅವನ ಹೆಬ್ಬೆಟ್ಟೂ ಬೇಕು ಎಂದೆ. “ನಮ್ಮದೇ ದುಡ್ಡಲ್ಲವೇನಪ್ಪಾ?” ಎಂದು ಕೇಳಿದಳು. ನಾನೇ ಬರೆದ ಒಂದು ಪದ ಅವಳಿಗೂ ಅವಳ ದುಡ್ಡಿಗೂ ನಡುವೆ ನಿಂತಿತ್ತು. ಫಾರಂ ಹಿಡಿದುಕೊಂಡು ಅವಳು ಮತ್ತೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಮರುದಿನ ಬಂದಳು. ಹಣ ಕೊಟ್ಟೆವು. ಯಜಮಾನ ಹುಷಾರಾಗಿ ಮನೆಗೂ ಬಂದ. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಎರಡು ಪದಗಳ ಅರ್ಥವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ, ಅವರು ಬೇಕೆಂದ ಹಾಗೆ ‘ಐದರ್ ಆರ್ ಸರ್ವೈವರ್’ ಎಂದು ಬದಲಾಯಿಸಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

‘ಊ’ ಎಂದರೆ ಇಬ್ಬರೂ. ‘ಓ’ ಎಂದರೆ ಯಾರಾದರೊಬ್ಬರು. ಎಷ್ಟು ಸಣ್ಣ ಅಕ್ಷರ! ಅದರ ಮೇಲೆ ಒಂದು ಮನೆಯ ಒಂದು ದಿನ ನಿಂತಿತ್ತು. ತಮ್ಮಾ, ಇದರಿಂದ ಏನುಪಯೋಗ ಎಂದು ಕೇಳಿದೆಯಲ್ಲ, ಇದೇ ಉಪಯೋಗ. ನೀನು ನಾಳೆ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೂತಾಗ, ಓದು ಬಾರದವರ ಪರವಾಗಿ ಒಂದು ಪದ ಬರೆಯಬೇಕಾಗುತ್ತದೆ. ಆಗ ಅದು ನಿನಗೆ ಗೊತ್ತಿರಬೇಕು, ಅವರಿಗೆ ಗೊತ್ತಾಗುವ ಹಾಗೆ ಹೇಳಲೂ ಬರಬೇಕು.

ಅಜ್ಜ-ಅಜ್ಜಿಯರಿಗೂ ಇಲ್ಲೊಂದು ಕೆಲಸ ಇದೆ. ನಿಮ್ಮದು ಜಂಟಿ ಖಾತೆಯಾಗಿದ್ದರೆ ಪಾಸ್‌ಬುಕ್ಕಿನ ಮೊದಲ ಪುಟವನ್ನು ಮೊಮ್ಮಕ್ಕಳ ಕೈಲಿ ಓದಿಸಿ. ಕೆಲವು ಕಡೆ ‘ಇ ಆರ್ ಎಸ್’ ಎಂದು ಚುಟುಕಾಗಿ ಹಾಕಿರುತ್ತಾರೆ. ಅದೇ ಐದರ್ ಆರ್ ಸರ್ವೈವರ್. ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ ಮೊದಲ ಹೆಸರಿನವರು ಇರುವವರೆಗೆ ಅವರೊಬ್ಬರೇ ತೆಗೆಯಬಹುದು, ಅವರ ಕಾಲಾನಂತರ ಎರಡನೆಯವರು. ಇಲ್ಲಿನ ‘ಫಾರ್ಮರ್’ ಭತ್ತ ಬೆಳೆಯುವ ರೈತ ಅಲ್ಲ ಮಕ್ಕಳೇ, ‘ಮೊದಲನೆಯವರು’ ಎಂದು ಅರ್ಥ! ಪುಸ್ತಕದಲ್ಲಿ ಏನೂ ಕಾಣದಿದ್ದರೆ ಬ್ಯಾಂಕಿಗೆ ಹೋದಾಗ ಕೇಳಿ ತಿಳಿದುಕೊಳ್ಳಿ. ಯಾವುದು ಬೇಕು ಎಂದು ತೀರ್ಮಾನ ಮಾಡುವವರು ನೀವು, ಫಾರಂ ತುಂಬುವವನಲ್ಲ.

ಈಗ ಅಭ್ಯಾಸ. ಐದು ವಾಕ್ಯ ಕೊಟ್ಟಿದ್ದೇನೆ. ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಳ್ಳಿ. ಮೊದಲು ನಡುವೆ ಗೆರೆ ಎಳೆದು ಟ್ಯಾಲಿ ಮಾಡಿ. ಆಮೇಲೆ ಅದೇ ವಾಕ್ಯವನ್ನು ಇದ್ದಂತೆಯೇ ಕನ್ನಡ ಮಾಡಿ ಅಜ್ಜಿಗೆ ಕೇಳಿಸಿ. ಅಜ್ಜಿ ನಕ್ಕರೆ ಅಥವಾ ‘ಏನು ಮಾಡ್ತಾನೆ?’ ಎಂದು ಕೇಳಿದರೆ ಅಲ್ಲಿ ಏನೋ ಇದೆ ಎಂದು ತಿಳಿಯಿರಿ. ಆದರೆ ಜೋಡಿ ತಪ್ಪಿದ್ದು, ವಚನ ತಪ್ಪಿದ್ದು ಅಜ್ಜಿಗೆ ಸಿಗುವುದಿಲ್ಲ, ಅದನ್ನು ನೀವೇ ಹಿಡಿಯಬೇಕು.

1. ಐ ವಿಲ್ ಐದರ್ ಗೋ ಟು ಶಿವಮೊಗ್ಗ ಆರ್ ಟು ಭದ್ರಾವತಿ.
2. ನೈದರ್ ದ ಬಸ್ ಆರ್ ದ ಟ್ರೈನ್ ವಾಸ್ ಲೇಟ್.
3. ಮೈ ಗ್ರ್ಯಾಂಡ್‌ಮದರ್ ಈಸ್ ಬೋತ್ ಸ್ಟ್ರಿಕ್ಟ್ ಆ್ಯಂಡ್ ಎ ಕೈಂಡ್ ವುಮನ್.
4. ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವಾಸ್ ಇನ್ ದ ಕ್ಲಾಸ್‌ರೂಮ್.
5. ದ ಬಾಯ್ ನಾಟ್ ಓನ್ಲಿ ಸ್ವೀಪ್ಸ್ ದ ಯಾರ್ಡ್ ಬಟ್ ಆಲ್ಸೋ ವಾಟರ್ಸ್ ದ ಪ್ಲಾಂಟ್ಸ್.

ಉತ್ತರಗಳು:

1. ‘ಗೋ’ ನೊಗದ ಒಳಗೆ ಸಿಕ್ಕಿಕೊಂಡಿದೆ. ಹೊರಗೆ ತನ್ನಿ. ‘ಐ ವಿಲ್ ಗೋ ಐದರ್ ಟು ಶಿವಮೊಗ್ಗ ಆರ್ ಟು ಭದ್ರಾವತಿ.’ ಟುಗೆ ಟು.
2. ನೈದರ್‌ಗೆ ಜೋಡಿ ‘ನಾರ್’.
3. ‘ಸ್ಟ್ರಿಕ್ಟ್’ ಗುಣ, ‘ಎ ಕೈಂಡ್ ವುಮನ್’ ವ್ಯಕ್ತಿ. ‘ಬೋತ್ ಸ್ಟ್ರಿಕ್ಟ್ ಆ್ಯಂಡ್ ಕೈಂಡ್’ ಎಂದರೆ ಸಾಕು.
4. ಹತ್ತಿರ ಇರುವವರು ಹಲವರು. ಹಾಗಾಗಿ ‘ವರ್’.
5. ಇದರಲ್ಲಿ ತಪ್ಪಿಲ್ಲ! ಒಂದು ಕಡೆ ‘ಗುಡಿಸುತ್ತಾನೆ’, ಇನ್ನೊಂದು ಕಡೆ ‘ನೀರು ಹಾಕುತ್ತಾನೆ’. ಎರಡೂ ಕೆಲಸ. ನಾಟ್ ಓನ್ಲಿ ಆದ ಮೇಲೆ ಕ್ರಿಯಾಪದ ಬಂದ ಕೂಡಲೇ ತಪ್ಪು ಎಂದು ಗುರುತು ಹಾಕಬೇಡಿ. ಆ ಕಡೆ ಏನಿದೆ ಎಂದು ನೋಡಿದ ಮೇಲೇ ತೀರ್ಪು ಕೊಡಿ.

ಐದಕ್ಕೆ ನಾಲ್ಕು ಬಂದರೆ ಒಂದು ಕೋಡುಬಳೆ, ಐದೂ ಬಂದರೆ ಎರಡು. ಅಜ್ಜಿಯನ್ನು ಕೇಳಿ ಪಡೆಯಿರಿ.

ಮುಂದಿನ ವಾರಕ್ಕೆ ಮನೆಗೆಲಸ ಅಜ್ಜ-ಅಜ್ಜಿಯರಿಗೆ. ಜೋಡಿ ಇರುವ ಗಾದೆಗಳನ್ನು ನೆನಪು ಮಾಡಿಕೊಂಡು ಮೊಮ್ಮಕ್ಕಳಿಗೆ ಹೇಳಿ. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು.’ ‘ಉಂಡೂ ಹೋದ, ಕೊಂಡೂ ಹೋದ.’ ‘ಅತ್ತ ದರಿ, ಇತ್ತ ಪುಲಿ.’ ಒಂದರಲ್ಲಾದರೂ ಎತ್ತಿನ ಪಕ್ಕ ಕೋಣ ಕಟ್ಟಿದ್ದಾರೆಯೇ ನೋಡಿ. ನಮ್ಮ ಹಿರಿಯರಿಗೆ ಯಾರೂ ಪ್ಯಾರಲಲ್ ಸ್ಟ್ರಕ್ಚರ್ ಕಲಿಸಿರಲಿಲ್ಲ. ಕಿವಿ ಕಲಿಸಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ತಮಗೇನೂ ಗೊತ್ತಿಲ್ಲ ಎಂದು ಇಂಗ್ಲಿಷ್ ಪರೀಕ್ಷೆಗೆ ಹೆದರುತ್ತಾರೆ. ಆ ಕಿವಿ ನಿಮಗೂ ಇದೆ. ಅದನ್ನು ಹೊರಗೆ ಬಿಟ್ಟು ಪರೀಕ್ಷೆಯ ಕೋಣೆಗೆ ಹೋಗಬೇಡಿ.

ನಮ್ಮ ಬೀದಿಯ ಹುಡುಗಿ ಈಗ ದಿನಾ ಸಂಜೆ ಬರುತ್ತಾಳೆ. ಇಂಗ್ಲಿಷ್ ಬಿಟ್ಟುಬಿಡುವ ಮಾತು ಮತ್ತೆ ಆಡಿಲ್ಲ. ಪರೀಕ್ಷೆ ಇನ್ನೂ ಮುಂದಿದೆ, ಏನಾಗುತ್ತದೋ ನಾನು ಹೇಳಲಾರೆ. ಒಂದು ಬದಲಾವಣೆ ಮಾತ್ರ ಆಗಿದೆ. ಮೊದಲು ಪ್ರಶ್ನೆಪತ್ರಿಕೆ ತಂದು ನನ್ನ ಮುಂದೆ ಹಿಡಿಯುತ್ತಿದ್ದಳು. ಈಗ ನನ್ನನ್ನು ದಾಟಿಕೊಂಡು ನೇರ ಅಡುಗೆಮನೆಗೆ ಹೋಗುತ್ತಾಳೆ. “ಅಜ್ಜೀ, ಇದು ಸರಿ ಅನ್ಸುತ್ತಾ ಕೇಳಿ” ಎಂದು ಒಳಗಿನಿಂದ ದನಿ ಬರುತ್ತದೆ. ನಾನು ಜಗಲಿಯಲ್ಲಿ ಪೇಪರ್ 
ಓದುತ್ತೇನೆ.

ಮತ್ತೆ ಮುಂದಿನ ವಾರ ಸಿಗೋಣ.

ನಿಮ್ಮ ಜಗಲಿಯ ಅಜ್ಜ,
ಹೊಳೆಹೊನ್ನೂರು